ಓದುಗರ ಪ್ರಶ್ನೆಗೆ ಉತ್ತರ: ಅತಿಥಿ 'ಚೀಪ್' ಎಂದರು, ನಾವು ಚಿಪ್ಸ್ ತಂದಿಟ್ಟೆವು

ಈ ತಿಂಗಳು ನನ್ನ ಮೇಜಿಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಇಂಗ್ಲಿಷಿನ ಹ್ರಸ್ವ ಮತ್ತು ದೀರ್ಘ ಸ್ವರಗಳನ್ನೇ ಕುರಿತವು. ಹಾಸನದ ಕಾಲೇಜೊಂದರಲ್ಲಿ ಬಹುಕಾಲ ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದ ನನಗೆ ಈ ಗೊಂದಲ ಹೊಸದೇನಲ್ಲ. ಆದರೆ ಈ ಬಾರಿಯ ಪತ್ರಗಳು ತರಗತಿಯಿಂದ ಬಂದವಲ್ಲ. ತೋಟದಿಂದ, ಅಡುಗೆಮನೆಯಿಂದ, ಬೇಕರಿಯಿಂದ ಬಂದವು. ಆದ್ದರಿಂದ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಉಳಿಸಿ, ಈ ಪುಟವನ್ನು ಇದೊಂದೇ ವಿಷಯಕ್ಕೆ ಬಿಟ್ಟುಕೊಟ್ಟಿದ್ದೇನೆ. ಇಂಗ್ಲಿಷ್ ಪದಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ನಮ್ಮ ಲಿಪಿಗೆ ಸಿಕ್ಕದ ಧ್ವನಿ ಬಂದ ಕಡೆ ನಾಲಿಗೆ ಎಲ್ಲಿರಬೇಕೆಂದು ಮಾತಿನಲ್ಲಿ ಹೇಳಿದ್ದೇನೆ.

ಪ್ರಶ್ನೆ: ಮಾನ್ಯರೆ, ಮೂಡಿಗೆರೆಯ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಈಚೆಗೆ ಇಂಗ್ಲೆಂಡಿನ ದಂಪತಿ ಬಂದಿದ್ದರು. ಕಾಫಿಪುಡಿಯ ಬೆಲೆ ಕೇಳಿ ಆಕೆ ಏನೋ ಅಂದರು. ನನಗೆ 'ಚಿಪ್' ಎಂದು ಕೇಳಿಸಿತು. ಒಳಗೆ ಹೋಗಿ ತಟ್ಟೆ ತುಂಬ ಬಾಳೆಕಾಯಿ ಚಿಪ್ಸ್ ತಂದಿಟ್ಟೆ. ಅವರು ಅಂದದ್ದು 'ಚೀಪ್', ಅಂದರೆ ಬೆಲೆ ಅಗ್ಗವಾಯಿತು ಎಂದು, ಅನಂತರ ತಿಳಿಯಿತು. ಚೀಪ್ ಎಂಬುದು ದೀರ್ಘ ಎಂದು ನನಗೆ ಗೊತ್ತು. ಆದರೆ ಅವರ ಬಾಯಲ್ಲಿ ಅದು ದೀರ್ಘವಾಗಿ ಇರಲೇ ಇಲ್ಲ ಎಂದು ಆಣೆ ಇಟ್ಟು ಹೇಳುತ್ತೇನೆ. ತಪ್ಪು ನನ್ನ ಕಿವಿಯದೋ, ಅವರ ಬಾಯಿಯದೋ?

ಉತ್ತರ: ಇಬ್ಬರದೂ ಅಲ್ಲ. ಆಕೆಯ ಬಾಯಲ್ಲಿ ಆ ಸ್ವರ ನಿಜಕ್ಕೂ ಮೊಟಕಾಗಿಯೇ ಬಂದಿರುತ್ತದೆ. ನೀವು ಅಳೆದದ್ದು ಸರಿಯಾಗಿದೆ, ಆದರೆ ಅಳತೆಗೋಲು ಕನ್ನಡದ್ದು.

ಕನ್ನಡದಲ್ಲಿ ಹ್ರಸ್ವ ಮತ್ತು ದೀರ್ಘಗಳ ನಡುವಿನ ವ್ಯತ್ಯಾಸ ಮುಖ್ಯವಾಗಿ ಕಾಲದ್ದು. 'ಬಿಡು' ಎಂದು ಹೇಳಿ, ಅನಂತರ 'ಬೀಡು' ಎಂದು ಹೇಳಿ ನೋಡಿ. ನಾಲಿಗೆ ಎರಡು ಸಲವೂ ಹೆಚ್ಚುಕಡಿಮೆ ಒಂದೇ ಕಡೆ ನಿಲ್ಲುತ್ತದೆ. ಎರಡನೆಯ ಸಲ ಇನ್ನೊಂದು ಮಾತ್ರೆಯಷ್ಟು ಹೊತ್ತು ಹೆಚ್ಚಿಗೆ ನಿಲ್ಲುತ್ತದೆ, ಅಷ್ಟೆ. ಆ ಒಂದು ಮಾತ್ರೆಯನ್ನು ಕಳೆದರೆ ಹಳೇಬೀಡು ಊರಾಗಿ ಉಳಿಯುವುದಿಲ್ಲ, ಹಳೆಯದನ್ನು ಬಿಟ್ಟುಬಿಡು ಎಂಬ ಬುದ್ಧಿಮಾತಾಗುತ್ತದೆ. ಕುಡಿ ಮತ್ತು ಕೂಡಿ, ಕೆರೆ ಮತ್ತು ಕೇರೆ, ಕೊಡು ಮತ್ತು ಕೋಡು ಎಲ್ಲವೂ ಹೀಗೆಯೇ. ಶಾಲೆಯಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂದು ಬೆರಳು ಮಡಿಸಿ ಎಣಿಸಿದ ನಾವು, ಬೇರೆ ಭಾಷೆಯನ್ನು ಕೇಳುವಾಗಲೂ ತಿಳಿಯದಂತೆಯೇ ಎಣಿಸುತ್ತಿರುತ್ತೇವೆ.

ಇಂಗ್ಲಿಷಿನವರು ಚೀಪ್ ಮತ್ತು ಚಿಪ್‌ಗಳನ್ನು ಬೇರ್ಪಡಿಸುವುದು ಮೊದಲಿಗೆ ನಾಲಿಗೆಯ ನೆಲೆಯಿಂದ. ಚೀಪ್ ಎನ್ನುವಾಗ ನಾಲಿಗೆಯ ಮುಂಭಾಗ ಅಂಗುಳಿನ ತೀರ ಹತ್ತಿರಕ್ಕೆ ಏರುತ್ತದೆ, ತುಟಿಗಳು ಅಗಲಕ್ಕೆ ಎಳೆದುಕೊಳ್ಳುತ್ತವೆ, ಬಾಯಿಯ ಸ್ನಾಯುಗಳು ಬಿಗಿಯುತ್ತವೆ. ಚಿಪ್ ಎನ್ನುವಾಗ ನಾಲಿಗೆ ಅಲ್ಲಿಂದ ತುಸು ಕೆಳಗೆ, ತುಸು ಹಿಂದಕ್ಕೆ ಸರಿದು ಸಡಿಲವಾಗಿರುತ್ತದೆ. ಈ ಸಡಿಲ ಸ್ವರ ನಮ್ಮ ಇಕಾರವಲ್ಲ. ಇಕಾರಕ್ಕೂ ಎಕಾರಕ್ಕೂ ನಡುವೆ ಎಲ್ಲೋ ಒಂದು ಕಡೆ ಅದರ ಮನೆ ಇದೆ. ಆದ್ದರಿಂದ ಚಿಪ್‌ನ ಸ್ವರವನ್ನು ಎಷ್ಟು ಹೊತ್ತು ಎಳೆದರೂ ಅದು ಇಂಗ್ಲಿಷ್ ಕಿವಿಗೆ ಚೀಪ್ ಆಗುವುದಿಲ್ಲ, ಎಳೆದ ಚಿಪ್ ಆಗಿಯೇ ಉಳಿಯುತ್ತದೆ.

ಹಾಗಾದರೆ ಕಾಲದ ವ್ಯತ್ಯಾಸವೇ ಇಲ್ಲವೇ ಎಂದು ನೀವು ಕೇಳಬಹುದು. ಇದೆ, ಆದರೆ ಅದರ ಹಿಡಿತ ಸ್ವರದ ಕೈಯಲ್ಲಿ ಮಾತ್ರವಿಲ್ಲ, ಸ್ವರದ ಮುಂದೆ ಬರುವ ವ್ಯಂಜನದ ಕೈಯಲ್ಲಿದೆ. ನಮ್ಮ ವ್ಯಾಕರಣದ ಪರುಷ ಮತ್ತು ಸರಳಗಳನ್ನು ನೆನಪಿಸಿಕೊಳ್ಳಿ. ಮಳೆ ಮತ್ತು ಕಾಲ ಸೇರಿ ಮಳೆಗಾಲವಾಗುವಾಗ ಪರುಷವಾದ ಕಕಾರ ಸರಳವಾದ ಗಕಾರವಾಗುತ್ತದಲ್ಲ, ಅದೇ ಎರಡು ಗುಂಪುಗಳು. ಇಂಗ್ಲಿಷಿನಲ್ಲಿ ಉಚ್ಚಾರದ ಕೊನೆಗೆ ಪ, ಟ, ಚ, ಕಗಳಂತಹ ಪರುಷ ಧ್ವನಿ ಬಂದರೆ ಅದರ ಹಿಂದಿನ ಸ್ವರ ಮೊಟಕಾಗುತ್ತದೆ. ಬ, ಡ, ಜ, ಗಗಳಂತಹ ಸರಳ ಧ್ವನಿ ಬಂದರೆ ಸ್ವರ ತನ್ನ ಪೂರ್ಣ ಉದ್ದಕ್ಕೆ ಚಾಚಿಕೊಳ್ಳುತ್ತದೆ. ಹೊಡೆಯುವ 'ಬೀಟ್' ಮತ್ತು ಮಣಿಯ 'ಬೀಡ್' ಎರಡರಲ್ಲೂ ಇರುವುದು ಒಂದೇ ಸ್ವರ. ಆದರೂ ಮಣಿಯ ಸ್ವರ ಬಹುತೇಕ ಎರಡರಷ್ಟು ಉದ್ದವಿರಬಹುದು. ಇನ್ನೂ ವಿಚಿತ್ರವೆಂದರೆ, ಹರಾಜಿನ 'ಬಿಡ್' ಇದೆಯಲ್ಲ, ನಾವು ಹ್ರಸ್ವ ಎಂದು ಕಲಿತದ್ದು, ಅದರ ಸ್ವರ ಡಕಾರದ ಹಿಂದೆ ನಿಂತು ಬೀಟ್‌ನ 'ದೀರ್ಘ' ಸ್ವರದಷ್ಟೇ ಹೊತ್ತು ಉಳಿಯುತ್ತದೆ, ಕೆಲವೊಮ್ಮೆ ಅದನ್ನೂ ಮೀರುತ್ತದೆ. ನಿಮ್ಮ ಅತಿಥಿಯ ಮಾತು ಮುಗಿದದ್ದು ಪಕಾರದಲ್ಲಿ. ಸ್ವರ ಮೊಟಕಾಯಿತು, ನಿಮ್ಮ ಕಿವಿ ಒಂದು ಮಾತ್ರೆ ಎಂದು ಲೆಕ್ಕ ಹಾಕಿತು, ಕಾಲು ಅಡುಗೆಮನೆಯ ಕಡೆ ನಡೆಯಿತು.

ಇಂಗ್ಲಿಷಿನವರಿಗೆ ಈ ಏರ್ಪಾಟು ಏಕೆ ಬೇಕಾಯಿತು ಎಂಬುದಕ್ಕೂ ಕಾರಣವಿದೆ. ಅವರ ಪದಗಳಲ್ಲಿ ಬಹಳಷ್ಟು ವ್ಯಂಜನದಲ್ಲಿ ಮುಗಿಯುತ್ತವೆ. ನಮ್ಮಂತೆ 'ಬಸ್ಸು', 'ಕಾರು' ಎಂದು ಕೊನೆಗೊಂದು ಉಕಾರ ಹಚ್ಚಿ ವ್ಯಂಜನವನ್ನು ಗಟ್ಟಿಯಾಗಿ ನಿಲ್ಲಿಸುವ ಅಭ್ಯಾಸ ಅವರಿಗಿಲ್ಲ. ಪದದ ತುದಿಗೆ ಬಂದ ಡಕಾರದ ಘೋಷ, ಅಂದರೆ ಗಂಟಲಿನ ಕಂಪನ, ಅವರ ಬಾಯಲ್ಲಿ ಅರ್ಧಕ್ಕೇ ಅಡಗಿ, ಅದು ಟಕಾರವೋ ಡಕಾರವೋ ಎಂದು ಹೇಳುವುದೇ ಕಷ್ಟವಾಗುತ್ತದೆ. ಆಗ ಕೇಳುವವನಿಗೆ ಸುಳಿವು ಕೊಡುವುದು ಹಿಂದಿನ ಸ್ವರದ ಉದ್ದ: ಉದ್ದವಿದ್ದರೆ ಡಕಾರ, ಮೊಟಕಾಗಿದ್ದರೆ ಟಕಾರ. ನಾವು ಉದ್ದವನ್ನು ಕೇಳಿ ಸ್ವರ ಯಾವುದೆಂದು ತೀರ್ಮಾನಿಸುತ್ತೇವೆ. ಅವರು ಅದೇ ಉದ್ದವನ್ನು ಕೇಳಿ ಮುಂದಿನ ವ್ಯಂಜನ ಯಾವುದೆಂದು ತೀರ್ಮಾನಿಸುತ್ತಾರೆ. ನಿಮ್ಮ ತಟ್ಟೆಯ ಚಿಪ್ಸ್ ಹುಟ್ಟಿದ್ದು ಈ ಎರಡು ಲೆಕ್ಕಗಳ ನಡುವೆ.

ಇದನ್ನು ನಮಗೆ ಯಾರೂ ಏಕೆ ಹೇಳಲಿಲ್ಲ ಎಂದರೆ, ಹೇಳಿಕೊಡಬೇಕಾದವರಲ್ಲಿ ನಾನೂ ಒಬ್ಬ. ಬ್ರಿಟನ್ನಿನ ಧ್ವನಿವಿಜ್ಞಾನಿ ಡೇನಿಯಲ್ ಜೋನ್ಸ್ 1917ರಲ್ಲಿ ಹೊರತಂದ ಇಂಗ್ಲಿಷ್ ಉಚ್ಚಾರಣಾ ನಿಘಂಟಿನಲ್ಲಿ ಈ ಎರಡು ಸ್ವರಗಳಿಗೂ ಒಂದೇ ಅಕ್ಷರವಿತ್ತು; ದೀರ್ಘಕ್ಕೆ ಮಾತ್ರ ಪಕ್ಕದಲ್ಲಿ ಎರಡು ಚುಕ್ಕೆ. ಅದನ್ನು ನೋಡಿದ ಯಾರಿಗಾದರೂ ವ್ಯತ್ಯಾಸ ಕಾಲದ್ದಷ್ಟೇ ಎಂದು ತೋರುವುದು ಸಹಜ. ಇನ್ನೊಬ್ಬ ಧ್ವನಿವಿಜ್ಞಾನಿ ಗಿಮ್ಸನ್ ಅವರು 1977ರಲ್ಲಿ ಪರಿಷ್ಕರಿಸಿದ ಅದೇ ನಿಘಂಟಿನ ಹದಿನಾಲ್ಕನೆಯ ಆವೃತ್ತಿಯಲ್ಲಿ ಎರಡಕ್ಕೂ ಬೇರೆ ಬೇರೆ ಅಕ್ಷರಗಳು ಬಂದವು, ಚುಕ್ಕೆಗಳೂ ಉಳಿದವು. ನಾನು ಕಲಿತದ್ದು ಹಳೆಯ ಪುಸ್ತಕದಿಂದ. ಕಪ್ಪು ಹಲಗೆಯ ಮೇಲೆ ಎರಡು ಚುಕ್ಕೆ ಇಟ್ಟು 'ಇಲ್ಲಿ ಎಳೆಯಿರಿ' ಎಂದು ಹಲವು ವರ್ಷ ಕಲಿಸಿದೆ. ಹುಡುಗರು ಶ್ರದ್ಧೆಯಿಂದ ಎಳೆದರು. ತಪ್ಪು ಅವರದಲ್ಲ.

ಅಭ್ಯಾಸಕ್ಕೆ ಒಂದು ಉಪಾಯ ಹೇಳುತ್ತೇನೆ. 'ಸೆಟ್' ಎಂದು ಹೇಳಿ, ಅನಂತರ ಕನ್ನಡದ ಇಕಾರ ಹಾಕಿ 'ಸಿಟ್' ಎಂದು ಹೇಳಿ. ಹೀಗೆ ಎರಡರ ನಡುವೆ ನಾಲ್ಕಾರು ಬಾರಿ ಓಡಾಡಿ, ಮಧ್ಯದಲ್ಲಿ ನಿಲ್ಲಿ. ಕೂರು ಎಂಬರ್ಥದ ಇಂಗ್ಲಿಷ್ ಪದದ ಸ್ವರ ಅಲ್ಲೇ ಇದೆ. ಆಸನದ 'ಸೀಟ್' ಹೇಳುವಾಗ ಎಳೆಯುವ ಗೋಜಿಗೆ ಹೋಗದೆ, ಕನ್ನಡಿಯಲ್ಲಿ ನೋಡಿಕೊಂಡು ತುಟಿಯನ್ನು ಅಗಲಿಸಿ ಬಿಗಿಯಾದ ಈಕಾರವನ್ನು ಗಕ್ಕನೆ ಮುಗಿಸಿ. ನಿಮ್ಮಂತಹವರಿಗೆ ದಿನಬಳಕೆಯ ಜೋಡಿ ಇನ್ನೊಂದಿದೆ: ಕಾಫಿಬೀಜದ 'ಬೀನ್' ಮತ್ತು ಕಸದ 'ಬಿನ್'. ಇಲ್ಲಿ ಎರಡರ ಕೊನೆಗೂ ನಕಾರವಿದೆ. ಅದು ಸರಳದಂತೆಯೇ ಘೋಷವಾದ್ದರಿಂದ ಸ್ವರವನ್ನು ಮೊಟಕು ಮಾಡುವುದಿಲ್ಲ. ಅತಿಥಿ 'ಬಿನ್' ಎಲ್ಲಿದೆ ಎಂದು ಕೇಳಿದಾಗ ಅದು ನಿಮಗೆ 'ಬೀನ್' ಎಂದೇ ಕೇಳಿಸುವ ಸಂಭವವಿದೆ. ಕಣದಲ್ಲಿ ಒಣಗುತ್ತಿರುವ ಕಾಫಿಯನ್ನು ತೋರಿಸುವ ಮೊದಲು ಅವರ ಕೈಯಲ್ಲಿ ಏನಿದೆ ಎಂದು ಒಮ್ಮೆ ನೋಡಿಕೊಳ್ಳಿ.

ಪ್ರಶ್ನೆ: ನನ್ನ ಮಗಳು ಹಾಸನದಲ್ಲಿ ಎರಡನೆಯ ತರಗತಿ ಓದುತ್ತಿದ್ದಾಳೆ. ಶಾಲೆಯಲ್ಲಿ ಫೋನಿಕ್ಸ್ ಎಂಬ ಪದ್ಧತಿಯಿಂದ ಇಂಗ್ಲಿಷ್ ಕಲಿಸುತ್ತಾರೆ. 'ಐ' ಅಕ್ಷರದ ಹ್ರಸ್ವ ಇ, ದೀರ್ಘ ಐ ಎಂದು ಅವಳು ಬಾಯಿಪಾಠ ಮಾಡುತ್ತಿದ್ದಳು. ಇಕಾರದ ದೀರ್ಘ ಈ ಅಲ್ಲವೇನೇ ಎಂದು ನಾನು ತಿದ್ದಿದೆ. ಅವಳು ಅತ್ತಳು, ಅವರ ಮಿಸ್ ನನ್ನನ್ನು ಕರೆಸಿ ವಿವರಿಸಿದರು, ನನಗೆ ಅರ್ಥವಾಗಲಿಲ್ಲ. ಯಾರು ಸರಿ?

ಉತ್ತರ: ತಾಯಿಯೂ ಸರಿ, ಮಿಸ್ಸೂ ಸರಿ, ಮಗುವಿನ ಅಳುವಿಗೆ ಮಾತ್ರ ಕಾರಣವಿರಲಿಲ್ಲ. 'ದೀರ್ಘ' ಎಂಬ ಮಾತನ್ನು ಫೋನಿಕ್ಸ್‌ನವರು ಬಳಸುವುದು ಬೇರೊಂದು ಅರ್ಥದಲ್ಲಿ. ಇಂಗ್ಲಿಷಿನ ಐದು ಸ್ವರಾಕ್ಷರಗಳಲ್ಲಿ ಪ್ರತಿಯೊಂದೂ ತನ್ನ ಹೆಸರನ್ನೇ ತಾನು ನುಡಿದರೆ ಅದನ್ನು ಅವರು ದೀರ್ಘ ಎನ್ನುತ್ತಾರೆ. 'ಬಿಟ್' ಪದದ ಕೊನೆಗೆ ಉಚ್ಚಾರವಿಲ್ಲದ ಒಂದು 'ಇ' ಅಕ್ಷರ ಸೇರಿಸಿದರೆ ಅದು 'ಬೈಟ್' ಆಗುತ್ತದೆ. ಹಾಗೆಯೇ ಟೋಪಿಯ 'ಹ್ಯಾಟ್' ದ್ವೇಷದ 'ಹೇಟ್' ಆಗುತ್ತದೆ, 'ಕಟ್' ಹೋಗಿ 'ಕ್ಯೂಟ್' ಬರುತ್ತದೆ. ಕಿವಿಗೆ ಇವು ಒಂದೇ ಸ್ವರದ ಗಿಡ್ಡ ಮತ್ತು ಉದ್ದ ರೂಪಗಳಲ್ಲವೇ ಅಲ್ಲ. ಐಕಾರ ಇಕಾರದ ದೀರ್ಘ ಎಂದರೆ ಯಾವ ಕನ್ನಡ ಮೇಷ್ಟ್ರೂ ಒಪ್ಪಲಾರರು.

ಆದರೆ ಈ ಹೆಸರು ಸುಮ್ಮನೆ ಇಟ್ಟದ್ದಲ್ಲ. ಕ್ರಿ.ಶ. 1400ರ ಸುಮಾರಿಗೆ, ಅಂದರೆ ನಮ್ಮ ಕುಮಾರವ್ಯಾಸನಿಗಿಂತ ತುಸು ಮುಂಚೆ, 'ಬೈಟ್' ಪದದ ನಡುವೆ ನಿಜವಾಗಿಯೂ ನಮ್ಮ ಈಕಾರವೇ ಇತ್ತು. 'ಟೈಮ್' ಎಂಬುದು 'ಟೀಮ' ಎಂಬುದಕ್ಕೆ ಹತ್ತಿರವಾಗಿತ್ತು. 'ನೇಮ್' ಎಂಬ ಪದವನ್ನು ಆಗಿನ ಇಂಗ್ಲಿಷಿನವರು ಹೇಳುತ್ತಿದ್ದ ರೀತಿಯನ್ನು ಈಗ ಯಾರಾದರೂ ನಮ್ಮೂರಿನಲ್ಲಿ ಅನುಕರಿಸಿದರೆ, ಕೇಳಿದವರು ಅದನ್ನು ಸಂಸ್ಕೃತದ 'ನಾಮ' ಎಂದೇ ತಿಳಿದಾರು. ಎರಡೂ ಒಂದೇ ಬೇರಿನ ಪದಗಳು ಕೂಡ. ಅಲ್ಲಿಂದ ಮುಂದೆ ಸುಮಾರು 1700ರವರೆಗಿನ ಅವಧಿಯಲ್ಲಿ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಒಂದರ ಹಿಂದೆ ಒಂದು ಸ್ಥಳ ಬದಲಿಸಿದವು. ಡೆನ್ಮಾರ್ಕಿನ ವಿದ್ವಾಂಸ ಒಟ್ಟೊ ಯೆಸ್ಪರ್ಸನ್ ಇದಕ್ಕೆ ಇಟ್ಟ ಹೆಸರನ್ನು ಕನ್ನಡದಲ್ಲಿ ಮಹಾ ಸ್ವರಪಲ್ಲಟ ಎನ್ನಬಹುದು. ತುಂಬಿದ ಬಸ್ಸಿನಲ್ಲಿ ಒಬ್ಬರು ಎದ್ದ ಜಾಗಕ್ಕೆ ಇನ್ನೊಬ್ಬರು ಸರಿಯುವಂತೆ, ಈಕಾರ ಐಕಾರವಾಯಿತು. ತೆರವಾದ ಅದರ ಜಾಗಕ್ಕೆ ಏಕಾರ ಏರಿತು. ಆಕಾರ ಏಕಾರದತ್ತ ನಡೆಯಿತು. ಹಿಂದಿನ ಸಾಲಿನಲ್ಲೂ ಇದೇ ನಡೆಯಿತು: ಊಕಾರ ಔಕಾರವಾಗಿ ಇಲಿಯ 'ಮೂಸ್' 'ಮೌಸ್' ಎನಿಸಿಕೊಂಡಿತು, ಚಂದ್ರನ 'ಮೋನ್' 'ಮೂನ್' ಆಯಿತು.

ಹ್ರಸ್ವಗಳು ಈ ಗಲಾಟೆಯಲ್ಲಿ ಸೇರದೆ ಬಹುಮಟ್ಟಿಗೆ ಕುಳಿತಲ್ಲೇ ಕುಳಿತಿದ್ದವು. ಹೀಗಾಗಿ ಒಂದು ಕಾಲಕ್ಕೆ ನಮ್ಮ ಇ ಮತ್ತು ಈಗಳಂತೆ ಅಕ್ಕಪಕ್ಕದಲ್ಲಿದ್ದ ಜೋಡಿ, ಈಗ ಇ ಮತ್ತು ಐ ಎಂದು ದೂರವಾಯಿತು. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಂಗ್ಲೆಂಡಿನ ಮೊದಲ ಅಚ್ಚುಕೂಟ ತೆರೆದಾಗ ಈ ಸ್ಥಳಾಂತರ ಇನ್ನೂ ಮುಗಿದಿರಲಿಲ್ಲ. ಮುದ್ರಣದಿಂದಾಗಿ ಕಾಗುಣಿತ ಶಾಸನದ ಅಕ್ಷರದಂತೆ ನಿಂತುಬಿಟ್ಟಿತು, ಉಚ್ಚಾರ ಮಾತ್ರ ನಡೆಯುತ್ತಲೇ ಹೋಯಿತು. 'ಇ' ಅಕ್ಷರವನ್ನು ಎರಡು ಸಲ ಬರೆದು ನಾವು ಈಕಾರ ಓದುತ್ತೇವೆ, 'ಓ' ಅಕ್ಷರವನ್ನು ಎರಡು ಸಲ ಬರೆದು ಊಕಾರ ಓದುತ್ತೇವೆ. ಬರೆದವರ ಕಾಲದಲ್ಲಿ ಅವು ಏಕಾರ ಮತ್ತು ಓಕಾರಗಳೇ ಆಗಿದ್ದವು. ಮಗಳಿಗೆ ಇಷ್ಟು ಹೇಳಿ ಸಾಕು: ಇಂಗ್ಲಿಷ್ ಮಿಸ್ 'ಲಾಂಗ್' ಎಂದರೆ ಅಕ್ಷರ ತನ್ನ ಹೆಸರು ಹೇಳಿಕೊಳ್ಳುತ್ತದೆ ಎಂದರ್ಥ, ಕನ್ನಡ ಮೇಷ್ಟ್ರು 'ದೀರ್ಘ' ಎಂದರೆ ಎರಡು ಮಾತ್ರೆ ಎಂದರ್ಥ. ಎರಡನೆಯ ತರಗತಿಯ ಮಕ್ಕಳು ಇದನ್ನು ನಮಗಿಂತ ಬೇಗ ಒಪ್ಪಿಕೊಳ್ಳುತ್ತಾರೆ.

ಪ್ರಶ್ನೆ: ಹೊರರಾಜ್ಯದ ಸಹೋದ್ಯೋಗಿಗಳು ನಮ್ಮ ಊರನ್ನು 'ಹಸ್ಸನ್' ಎನ್ನುತ್ತಾರೆ. ಎಷ್ಟು ತಿದ್ದಿದರೂ ಮತ್ತೆ ಅದೇ. ಇದು ಅಸಡ್ಡೆಯಲ್ಲವೇ? (ಹಾಸನದ ಓದುಗರು, ಈಗ ಪುಣೆಯಲ್ಲಿ)

ಉತ್ತರ: ಅಸಡ್ಡೆ ಎನ್ನಲಾರೆ, ನಮ್ಮ ಊರಿನ ಇಂಗ್ಲಿಷ್ ಕಾಗುಣಿತವೇ ಅವರನ್ನು ದಾರಿ ತಪ್ಪಿಸುತ್ತಿದೆ. ಹಾಸನಾಂಬೆಯ ಊರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ನಾವು 'ಎಸ್' ಅಕ್ಷರವನ್ನು ಎರಡು ಸಲ ಹಾಕುತ್ತೇವೆ, ಮತ್ತು ಇಂಗ್ಲಿಷ್ ಓದುವವರಿಗೆ ಜೋಡಿ ವ್ಯಂಜನ ಕಂಡರೆ 'ಹಿಂದಿನ ಸ್ವರವನ್ನು ಹ್ರಸ್ವ ಮಾಡು' ಎಂಬ ಸೂಚನೆ ಸಿಕ್ಕಂತೆ. ಈ ಪದ್ಧತಿಗೆ ಹಳೆಯ ಇತಿಹಾಸವಿದೆ. ಬೇಲೂರು, ಹಳೇಬೀಡುಗಳಲ್ಲಿ ಗುಡಿಗಳು ಏಳುತ್ತಿದ್ದ 12ನೆಯ ಶತಮಾನದಲ್ಲೇ ಇಂಗ್ಲೆಂಡಿನಲ್ಲಿ ಓರ್ಮ್ ಎಂಬ ಕ್ರೈಸ್ತ ಸಂನ್ಯಾಸಿಯೊಬ್ಬ ಹ್ರಸ್ವ ಸ್ವರದ ಮುಂದಿನ ವ್ಯಂಜನವನ್ನು ಪಟ್ಟುಹಿಡಿದು ಎರಡೆರಡು ಸಲ ಬರೆದ. ಕೇಳುಗರಿಗೆ ಓದಿ ಹೇಳುವವರು ಉಚ್ಚಾರದಲ್ಲಿ ತಪ್ಪಬಾರದೆಂಬ ಕಾಳಜಿ ಅವನದು. ಆಗ ಯಾರೂ ಅವನನ್ನು ಅನುಸರಿಸಲಿಲ್ಲವಾದರೂ ಇಂದಿನ ಕಾಗುಣಿತದಲ್ಲಿ ಅದೇ ತತ್ತ್ವ ಕಾಣುತ್ತದೆ.

ನಮ್ಮ ಕಡೆಯವರಿಗೆ ಹತ್ತಿರದ ಉದಾಹರಣೆ ಕರಿಮೆಣಸು. ಮೆಣಸಿನ 'ಪೆಪ್ಪರ್' ಮತ್ತು ಕಾಗದದ 'ಪೇಪರ್'ಗಳ ಕಾಗುಣಿತದಲ್ಲಿ ಸ್ವರವನ್ನು ನಿರ್ಧರಿಸುವುದು ನಡುವಿನ ಜೋಡಿ 'ಪಿ' ಅಕ್ಷರ. ಹಾಗೆಯೇ ರಾತ್ರಿಯೂಟದ 'ಡಿನ್ನರ್', ಊಟ ಮಾಡುವವನು 'ಡೈನರ್'. ಇಲ್ಲಿ ಕನ್ನಡಿಗರು ಇನ್ನೊಂದು ಗುಂಡಿಗೆ ಬೀಳುತ್ತಾರೆ. ಕತೆಗೂ ಕತ್ತೆಗೂ ಇರುವ ಅಂತರವನ್ನು ಒತ್ತಕ್ಷರದಿಂದ ಕಾಯ್ದುಕೊಂಡು ಬಂದ ನಾವು, ಇಂಗ್ಲಿಷಿನಲ್ಲಿ ಜೋಡಿ ಅಕ್ಷರ ಕಂಡ ಕೂಡಲೇ ಒತ್ತು ಕೊಟ್ಟು 'ಪೆಪ್-ಪರ್', 'ಡಿನ್-ನರ್' ಎನ್ನುತ್ತೇವೆ. ಇಂಗ್ಲಿಷಿನ ಒಂದೇ ಪದದೊಳಗೆ ಆ ಬಗೆಯ ಒತ್ತು ಇಂದು ಇಲ್ಲ. ಎರಡು ಸಲ ಬರೆದರೂ ಒಂದೇ ಪಕಾರ, ಒಂದೇ ನಕಾರ. 'ಪೆಪರ್', 'ಡಿನರ್' ಎಂದರೆ ಸರಿಹೋಗುತ್ತದೆ. ನಿಯಮಕ್ಕೆ ಅಪವಾದಗಳೂ ಬೇಕಾದಷ್ಟಿವೆ. ನಗರದ 'ಸಿಟಿ'ಯಲ್ಲಿ ಒಂದೇ 'ಟಿ' ಅಕ್ಷರವಿದ್ದರೂ ಸ್ವರ ಹ್ರಸ್ವವೇ. ನಿಮ್ಮ ಸಹೋದ್ಯೋಗಿಗಳಿಗೆ ಊರಿನ ಹೆಸರನ್ನು ಒಂದೇ 'ಎಸ್' ಹಾಕಿ, ಮೊದಲು ಎರಡು 'ಎ' ಹಾಕಿ ಬರೆದು ತೋರಿಸಿ ನೋಡಿ. ರೈಲ್ವೆ ಫಲಕವನ್ನು ಬದಲಿಸಲು ನಮ್ಮಿಂದಾಗದು.

ಪ್ರಶ್ನೆ: 'ಕಾಫಿ' ಎಂದು ಉಚ್ಚರಿಸುವುದು ಸರಿಯೋ, 'ಕಫಿ'ಯೋ, 'ಕೊಫಿ'ಯೋ? ಚಿಕ್ಕಮಗಳೂರಿನವರಾಗಿ ಇದನ್ನೇ ತಪ್ಪಾಗಿ ಹೇಳಿದರೆ ಹೇಗೆ?

ಉತ್ತರ: ಕನ್ನಡ ಮಾತನಾಡುವಾಗ 'ಕಾಫಿ'ಯೇ ಸರಿ, ಅದು ನಮ್ಮ ಪದ, ಬಾಬಾಬುಡನ್‌ಗಿರಿಯ ಊರಿನವರು ಆ ವಿಷಯದಲ್ಲಿ ಯಾರ ಅನುಮತಿಯನ್ನೂ ಕೇಳಬೇಕಿಲ್ಲ. ಇಂಗ್ಲಿಷ್ ಮಾತನಾಡುವಾಗ ಮಾತ್ರ ಮೊದಲ ಸ್ವರ ಹ್ರಸ್ವವೆಂಬುದನ್ನು ನೆನಪಿಡಿ. ಹಿಂದಿನ ಉತ್ತರದಲ್ಲಿ ಹೇಳಿದ ಜೋಡಿ ಅಕ್ಷರ ಇಲ್ಲೂ ಇದೆ. ನಡುವಿನ ಎರಡು 'ಎಫ್'ಗಳು ಅದನ್ನೇ ಸೂಚಿಸುತ್ತವೆ. ಬ್ರಿಟಿಷ್ ಉಚ್ಚಾರದ ಆ ಸ್ವರವನ್ನು ನೀವು ಕೊಟ್ಟ ಮೂರು ರೂಪಗಳಲ್ಲಿ ಯಾವುದೂ ಹಿಡಿಯಲಾರದು. ಆಕಾರ ಹೇಳುವಷ್ಟು ಬಾಯಿ ತೆರೆದು, ತುಟಿಗಳನ್ನು ಒಕಾರ ಹೇಳುವಂತೆ ತುಸು ದುಂಡಾಗಿಸಿ, ಅರೆಕ್ಷಣದಲ್ಲಿ ಮುಗಿಸಿದರೆ ಅದು ಬರುತ್ತದೆ. ನಮ್ಮಲ್ಲಿ ಆ ಸ್ವರವಿಲ್ಲದ್ದರಿಂದ ಡಾಕ್ಟರ್, ಆಫೀಸು, ಲಾರಿ, ಬಾಟಲಿಗಳಲ್ಲೆಲ್ಲ ಹತ್ತಿರದ ಆಕಾರವನ್ನೇ ಕೂರಿಸಿದೆವು, ಕೂರಿಸುವಾಗ ದೀರ್ಘವನ್ನೂ ಕೊಟ್ಟೆವು.

ಇದರಿಂದ ಆಗುವ ನಷ್ಟವೆಂದರೆ, ಮಂಚದ 'ಕಾಟ್' ಮತ್ತು ಹಿಡಿದದ್ದು ಎಂಬರ್ಥದ 'ಕಾಟ್' ನಮ್ಮ ಬಾಯಲ್ಲಿ ಒಂದಾಗುತ್ತವೆ. ಎರಡನೆಯದರಲ್ಲಿ ತುಟಿ ಇನ್ನೂ ದುಂಡಾಗಿ, ನಾಲಿಗೆ ತುಸು ಮೇಲೆ ಇರಬೇಕು. ಇದಕ್ಕಾಗಿ ನಿದ್ದೆಗೆಡಬೇಡಿ: ಕೆನಡಾದ ಬಹುಪಾಲು ಜನ ಮತ್ತು ಅಮೆರಿಕದ ಪಶ್ಚಿಮ ಭಾಗದವರು ಹುಟ್ಟಿದಂದಿನಿಂದ ಇವೆರಡನ್ನೂ ಒಂದೇ ರೀತಿ ಹೇಳುತ್ತಾರೆ.

ಪ್ರಶ್ನೆ: ನನ್ನದು ಬೇಕರಿ. ಹಿಟ್ಟು ಹುದುಗಿಸುವ ಪುಡಿಯನ್ನು ನಾವೆಲ್ಲ 'ಈಸ್ಟ್' ಎನ್ನುತ್ತೇವೆ. ಅದು ಪೂರ್ವ ದಿಕ್ಕು ಎಂದು ಮಗ ನಗುತ್ತಾನೆ. (ಚನ್ನರಾಯಪಟ್ಟಣ)

ಉತ್ತರ: ಸ್ವರ ಎರಡರಲ್ಲೂ ಒಂದೇ, ಬಿಗಿಯಾದ ಈಕಾರ. ಹುದುಗಿಸುವ ಪದಾರ್ಥದ ಹೆಸರಿಗೆ ಮೊದಲೊಂದು ಯಕಾರ ಬೇಕು, 'ಯೀಸ್ಟ್'. ಕನ್ನಡದಲ್ಲಿ ಪದದ ಮೊದಲ ಇ, ಈ, ಎ, ಏಗಳ ಹಿಂದೆ ಯಕಾರದ ನೆರಳು ತಾನಾಗಿಯೇ ಸೇರಿಕೊಳ್ಳುತ್ತದೆ. ನಾವು ಬರೆಯುವುದು 'ಎಲ್ಲಿ', ಹೇಳುವುದು 'ಯೆಲ್ಲಿ'. ಆದ್ದರಿಂದ ನೀವು 'ಈಸ್ಟ್' ಎಂದು ಬರೆದರೂ ಬಾಯಲ್ಲಿ ಯೀಸ್ಟೇ ಬರುತ್ತಿರಬಹುದು. ಮಗನು ಪೂರ್ವ ದಿಕ್ಕನ್ನು ಹೇಳುವಾಗ ನೀವೂ ಒಮ್ಮೆ ಕಿವಿಗೊಟ್ಟು ಕೇಳಿ.

ಪ್ರಶ್ನೆ: ಮುಂದಿನ ತಿಂಗಳು ನನಗೆ ಕೆಲಸದ ಸಂದರ್ಶನವಿದೆ. 'ಫುಲ್', 'ಫೂಲ್' ಜೋಡಿಯಲ್ಲಿ ತಪ್ಪುತ್ತೇನೆಂಬ ಹೆದರಿಕೆ. ಇಷ್ಟು ಕಡಿಮೆ ಸಮಯದಲ್ಲಿ ಯಾವುದನ್ನು ತಿದ್ದಿಕೊಳ್ಳಲಿ? (ಕಡೂರಿನ ವಿದ್ಯಾರ್ಥಿನಿ)

ಉತ್ತರ: ಆ ಜೋಡಿಯನ್ನು ಬಿಟ್ಟುಬಿಡಮ್ಮ. ಉಕಾರದ ಗುಂಪಿನಲ್ಲಿ ಹೀಗೆ ಅರ್ಥ ಬದಲಾಗುವ ಜೋಡಿಗಳು ಕೈಬೆರಳಿನಲ್ಲಿ ಎಣಿಸುವಷ್ಟು. ಎಳೆಯುವ 'ಪುಲ್', ಕೊಳದ 'ಪೂಲ್', ಹೀಗೆ ಕೆಲವು. ಸ್ಕಾಟ್ಲೆ‌ಂಡಿನವರ ಇಂಗ್ಲಿಷಿನಲ್ಲಿ ಇವೆರಡಕ್ಕೂ ಸಾಮಾನ್ಯವಾಗಿ ಒಂದೇ ಸ್ವರ. ಹಾಗೆಂದು ಅವರಿಗೆ ಯಾರೂ ಕೆಲಸ ನಿರಾಕರಿಸಿಲ್ಲ. ಜೋಡಿ 'ಓ' ಅಕ್ಷರವನ್ನು ನಂಬಿ ಎಲ್ಲ ಕಡೆ ಊಕಾರ ಎಳೆಯುವುದನ್ನು ಮಾತ್ರ ನಿಲ್ಲಿಸಬೇಕು: 'ಫುಡ್' ಎಂದು ನಾವು ಬರೆಯುವ ಆಹಾರದ ಪದದಲ್ಲಿ ದೀರ್ಘವಿದೆ, 'ಗುಡ್', 'ಬುಕ್', 'ಫುಟ್'ಗಳಲ್ಲಿ ಹ್ರಸ್ವ, ರಕ್ತದ 'ಬ್ಲಡ್'ನಲ್ಲಿ ಅದು ಅಕಾರದ ಕಡೆಗೇ ಹೋಗಿಬಿಟ್ಟಿದೆ.

ನಿಮ್ಮ ಒಂದು ತಿಂಗಳನ್ನು ಇ ಮತ್ತು ಈಗಳ ಗುಂಪಿಗೆ ಕೊಡಿ, ಏಕೆಂದರೆ ಅಲ್ಲಿ ಜೋಡಿಗಳು ನೂರಾರಿವೆ ಮತ್ತು ಸಂದರ್ಶನದಲ್ಲಿ ಬಾಯಿಗೆ ಬರುವ ಪದಗಳೇ ಅವು: ವಾಸಿಸುವ 'ಲಿವ್', ಬಿಡುವ 'ಲೀವ್', ತುಂಬುವ 'ಫಿಲ್', ಅನಿಸುವ 'ಫೀಲ್'. ನಾನು ಕಡೂರಿನಲ್ಲಿ ವಾಸವಾಗಿದ್ದೇನೆ ಎನ್ನಲು ಹೋಗಿ ಕಡೂರನ್ನು ಬಿಡುತ್ತಿದ್ದೇನೆ ಎಂದರೆ ಎದುರಿಗಿರುವವರು ಗೊಂದಲಕ್ಕೆ ಬೀಳುತ್ತಾರೆ. ಮೂಡಿಗೆರೆಯವರಿಗೆ ಹೇಳಿದ ಸೆಟ್-ಸಿಟ್ ಉಪಾಯವನ್ನು ದಿನಕ್ಕೆ ಹತ್ತು ನಿಮಿಷ ಮಾಡಿ, ಮೊಬೈಲಿನಲ್ಲಿ ಮುದ್ರಿಸಿಕೊಂಡು ಮರುದಿನ ಬೆಳಿಗ್ಗೆ ಕೇಳಿ. ಅದೇ ರಾತ್ರಿ ಕೇಳಿದರೆ ಎಲ್ಲವೂ ಸರಿಯಾಗಿಯೇ ಕೇಳಿಸುತ್ತದೆ.

ಪ್ರಶ್ನೆ: ಅರಸೀಕೆರೆ ಹತ್ತಿರದ ಹಳ್ಳಿ ನಮ್ಮದು. ನಾನು 'ಬ್ಯಾಡ' ಎಂದರೆ ಪಟ್ಟಣದಿಂದ ಬಂದ ಮೊಮ್ಮಗ 'ಬೇಡ ಅನ್ನು ಅಜ್ಜಿ' ಎಂದು ತಿದ್ದುತ್ತಾನೆ. ಅವನಿಗೋ ಇಂಗ್ಲಿಷಿನ 'ಬೆಡ್' ಮತ್ತು 'ಬ್ಯಾಡ್' ಎರಡೂ ಒಂದೇ ಥರ ಬರುತ್ತವಂತೆ, ಶಾಲೆಯಲ್ಲಿ ಬೈಸಿಕೊಂಡು ಬಂದಿದ್ದಾನೆ. ಅವನ ಅಮ್ಮ ಈ ಪತ್ರ ಬರೆದುಕೊಡುತ್ತಿದ್ದಾಳೆ.

ಉತ್ತರ: ಅಮ್ಮ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಶಾಲೆಯಲ್ಲಿ ಆ ಹುಡುಗನಿಂದ ಅಪೇಕ್ಷಿಸುತ್ತಿರುವ ಸ್ವರ ನಿಮ್ಮ ಮನೆಯಲ್ಲೇ ಇದೆ. ಬರಹದ ಕನ್ನಡದಲ್ಲಿ ಅದಕ್ಕೆ ಅಕ್ಷರವಿಲ್ಲ. ವ್ಯಂಜನಕ್ಕೋ, ಪದದ ಮೊದಲ ಅಕಾರಕ್ಕೋ ಯಕಾರದ ಒತ್ತು ಕೊಟ್ಟು ಹೇಗೋ ಬರೆಯುತ್ತೇವೆ, ಮತ್ತು ಹಾಗೆ ಬರೆದದ್ದನ್ನು ನೋಡಿ ಕೆಲವರು ಬ್ಯಾಂಕನ್ನು 'ಬ್-ಯಾಂಕ್' ಎಂದು ಯಕಾರ ಸೇರಿಸಿಯೇ ಓದುತ್ತಾರೆ. ಆದರೆ ನಮ್ಮ ಹಳ್ಳಿಗಳ ಮಾತಿನಲ್ಲಿ ಬೇಡ 'ಬ್ಯಾಡ'ವಾಗುವಾಗ, ಮೇಲೆ 'ಮ್ಯಾಲೆ' ಆಗುವಾಗ, ಪೇಟೆ 'ಪ್ಯಾಟೆ' ಆಗುವಾಗ ಬರುವುದು ಯಕಾರವಿಲ್ಲದ ಶುದ್ಧ ಸ್ವರ; ನಾಲಿಗೆ ಎಕಾರಕ್ಕಿಂತ ಕೆಳಗಿಳಿದು, ದವಡೆ ಸಡಿಲವಾಗಿ ತೆರೆದಿರುತ್ತದೆ. ಅದು ಮನಸ್ಸಿಗೆ ಬಂದಲ್ಲಿ ಬರುವ ತಪ್ಪೂ ಅಲ್ಲ, ಅದಕ್ಕೊಂದು ಕಟ್ಟುಪಾಡಿದೆ: ಮುಂದಿನ ಅಕ್ಷರದಲ್ಲಿ ಅಕಾರವೋ ಎಕಾರವೋ ಇದ್ದಾಗ ಏಕಾರ ಹೀಗೆ ಇಳಿಯುತ್ತದೆ, ಉಕಾರವಿರುವ ತೇರು, ಬೇರುಗಳಲ್ಲಿ ಇಳಿಯುವುದಿಲ್ಲ.

ಇಂಗ್ಲಿಷಿನ 'ಬ್ಯಾಡ್'ಗೆ ಬೇಕಾದದ್ದು ಬಹುಮಟ್ಟಿಗೆ ಇದೇ ಸ್ವರ. ಪಠ್ಯಪುಸ್ತಕಗಳು ಅದನ್ನು ಹ್ರಸ್ವಗಳ ಪಟ್ಟಿಯಲ್ಲಿ ಇಟ್ಟರೂ, ಈ ಪುಟದ ಮೊದಲ ಉತ್ತರದಲ್ಲಿ ಹೇಳಿದಂತೆ ಡಕಾರದ ಹಿಂದೆ ನಿಂತಾಗ ಅದು ಉದ್ದವಾಗುತ್ತದೆ, ಆದ್ದರಿಂದ ನಿಮ್ಮ ಎಳೆತವೂ ತಪ್ಪಲ್ಲ. ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನೀವು ಯಾವಾಗಲೂ ಹೇಳುವಂತೆ 'ಬ್ಯಾಡ' ಎನ್ನಿ. ಅವನೂ ಹಾಗೆಯೇ ಅನ್ನಲಿ. ನಾಲ್ಕು ಸಲ ಆದ ಮೇಲೆ ಕೊನೆಯ ಅಕಾರವನ್ನು ಮಾತ್ರ ಬಿಟ್ಟು ಹೇಳುವುದಕ್ಕೆ ಹೇಳಿ.